ಸಾವಿರಕ್ಕೆ ಮೂರರ ವ್ಯತ್ಯಾಸ: ಪ್ರೋಟಾನಿನ ಗಿರಕಿಯ ಮೂಲ ಹುಡುಕುವ ಎಣಿಕೆ

ಪ್ರೋಟಾನುಗಳ ಡಿಕ್ಕಿಯಿಂದ ಚಿಮ್ಮುವ ಕಣಗಳ ಸಿಂಚನಗಳನ್ನು, ಅಂದರೆ ಜೆಟ್‌ಗಳನ್ನು, ಹತ್ತು ಲಕ್ಷ ಆರಿಸಿ ಎರಡು ರಾಶಿ ಮಾಡಿದ್ದೇವೆ ಎಂದುಕೊಳ್ಳಿ. ಡಿಕ್ಕಿಯಾದ ಎರಡು ಪ್ರೋಟಾನುಗಳೂ ತಮ್ಮ ಓಟದ ದಿಕ್ಕಿಗೆ ಒಂದೇ ಬಗೆಯಲ್ಲಿ ಗಿರಕಿ (ಸ್ಪಿನ್) ಹೊಡೆಯುತ್ತಿದ್ದರೆ ಮೊದಲ ರಾಶಿ, ಒಂದು ಹಾಗೆ ಇನ್ನೊಂದು ಹೀಗೆ ಇದ್ದರೆ ಎರಡನೆಯ ರಾಶಿ. ಮೊದಲನೆಯದರಲ್ಲಿ 5,01,500 ಬಿದ್ದಿವೆ, ಎರಡನೆಯದರಲ್ಲಿ 4,98,500. ವ್ಯತ್ಯಾಸ 3,000. ಹತ್ತು ಲಕ್ಷ ಎಣಿಕೆಯಲ್ಲಿ ಬರೀ ಆಕಸ್ಮಿಕದಿಂದಲೇ ಸಾವಿರದಷ್ಟು ಏರುಪೇರು ಇದ್ದೇ ಇರುತ್ತದೆ. ಅಂದರೆ ಕೈಯಲ್ಲಿರುವುದು ಗದ್ದಲದ ಮೂರು ಪಟ್ಟು ಸಂಕೇತ, ಅಷ್ಟೇ. ಪ್ರೋಟಾನಿನೊಳಗೆ ಅದರ ಮೂಲಕಣಗಳಾದ ಕ್ವಾರ್ಕುಗಳನ್ನು ಬೆಸೆದಿಡುವ ಗ್ಲೂಆನುಗಳು ಯಾವ ಕಡೆ ತಿರುಗುತ್ತಿವೆ ಎಂಬ ತಿಳಿವಿನ ಬಹುಪಾಲು ಇಂಥ ಮೂರು ಸಾವಿರಗಳ ಮೇಲೆಯೇ ನಿಂತಿದೆ.

ಆದ್ದರಿಂದ ಈ ಪ್ರಯೋಗದಲ್ಲಿ ಡಿಕ್ಕಿ ಹೊಡೆಸುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ಬೇರೆ ಯಾವುದೋ ಕಾರಣಕ್ಕೆ ಹುಟ್ಟಿದ ಮೂರು ಸಾವಿರವನ್ನು ಗಿರಕಿಯ ಮೂರು ಸಾವಿರವೆಂದು ಎಣಿಸದಿರುವುದು. ಅಯಾನು ಮೂಲದಿಂದ ಹಿಡಿದು ಕೊನೆಯ ಕೋಷ್ಟಕದವರೆಗೆ ಒಂದೊಂದು ಹಂತದಲ್ಲೂ ನಾವು ಕಾಯುವುದು ಅದನ್ನೇ.

ಪ್ರಶ್ನೆ ಹೇಗೆ ಹುಟ್ಟಿತೆಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪ್ರೋಟಾನಿನ ಗಿರಕಿ ಅರ್ಧ ಎನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರ ನಡೆಯುವುದೇ ಅದರ ಬಲದ ಮೇಲೆ. ಮೂರು ಕ್ವಾರ್ಕುಗಳ ಗಿರಕಿ ಕೂಡಿಸಿದರೆ ಆ ಅರ್ಧದ ಹೆಚ್ಚಿನ ಪಾಲು ಸಿಕ್ಕೀತು ಎಂದು ಎಲ್ಲರೂ ನಂಬಿದ್ದರು. 1988-89ರಲ್ಲಿ ಸರ್ನ್‌ನ ಯುರೋಪಿಯನ್ ಮ್ಯುಆನ್ ಕೊಲಾಬರೇಶನ್ ಪ್ರಕಟಿಸಿದ ಲೆಕ್ಕದಲ್ಲಿ ಕ್ವಾರ್ಕುಗಳ ಪಾಲು ಬರೀ 12% ಬಂತು, ದೋಷಮಿತಿಯ ಒಳಗೆ ಸೊನ್ನೆಯೂ ಸೇರುವಷ್ಟು ಕಡಿಮೆ. ಆಮೇಲೆ ಅಳತೆಗಳು ಸುಧಾರಿಸಿ ಈಗ ಸುಮಾರು 30%ಕ್ಕೆ ನಿಂತಿದೆ. ಮಿಕ್ಕದ್ದು ಗ್ಲೂಆನುಗಳ ಗಿರಕಿಯಲ್ಲಿ ಇರಬೇಕು, ಇಲ್ಲವೇ ಕ್ವಾರ್ಕು ಗ್ಲೂಆನುಗಳು ಒಳಗೆ ಸುತ್ತುವ ಕಕ್ಷಾ ಚಲನೆಯಲ್ಲಿ ಇರಬೇಕು.

ಮ್ಯುಆನ್, ಎಲೆಕ್ಟ್ರಾನುಗಳಿಂದ ಪ್ರೋಟಾನನ್ನು ಕೆಣಕಿದರೆ ಕಾಣುವುದು ವಿದ್ಯುದಾವೇಶ ಇದ್ದವು ಮಾತ್ರ. ಗ್ಲೂಆನಿಗೆ ಆವೇಶವಿಲ್ಲ, ಅದು ನೇರವಾಗಿ ಸಿಗುವುದಿಲ್ಲ. ಅದೇ ಪ್ರೋಟಾನಿಗೆ ಪ್ರೋಟಾನನ್ನೇ ಹೊಡೆಸಿದರೆ ಗ್ಲೂಆನು ಗ್ಲೂಆನಿಗೆ, ಗ್ಲೂಆನು ಕ್ವಾರ್ಕಿಗೆ ಪ್ರಬಲ ಬಲದ ಮೂಲಕವೇ ತಾಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಅಮೋನಿಯಾದಂಥ ಘನ ಗುರಿಯಲ್ಲಿ ಒಂದು ಅಣುವಿನ 17 ನ್ಯೂಕ್ಲಿಯಾನುಗಳ ಪೈಕಿ ಗಿರಕಿ ಸರಿಪಡಿಸಲು ಸಿಗುವುದು ಹೈಡ್ರೋಜನಿನ 3 ಮಾತ್ರ. ಮಿಕ್ಕ 14 ಸಂಕೇತವನ್ನು ತೆಳುವಾಗಿಸುತ್ತವೆ. ಎದುರುಬದುರು ಓಡುವ ಬೀಮುಗಳಲ್ಲಿ ಆ ನೀರು ಬೆರಕೆ ಇಲ್ಲ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ 3.8 ಕಿಲೋಮೀಟರ್ ಸುತ್ತಳತೆಯ ರಿಕ್ ಯಂತ್ರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಧ್ರುವೀಕೃತ ಪ್ರೋಟಾನುಗಳನ್ನು, ಅಂದರೆ ಗಿರಕಿಯನ್ನು ಒಂದೇ ಕಡೆ ತಿರುಗಿಸಿಟ್ಟವನ್ನು, ಪರಸ್ಪರ ಡಿಕ್ಕಿ ಹೊಡೆಸಿದ ಯಂತ್ರ ಇದೊಂದೇ. ಕೆಳಗಿನ ವಿವರಗಳೆಲ್ಲ ಅಲ್ಲಿ ಆ ಓಟಗಳು ನಡೆಯುತ್ತಿದ್ದ ಕಾಲದ ಕೆಲಸದ ಕ್ರಮಕ್ಕೆ ಸೇರಿದವು.

ಎಲ್ಲ ಶುರುವಾಗುವುದು ಲೇಸರಿನಿಂದ. ಬಲವಾದ ಕಾಂತಕ್ಷೇತ್ರದಲ್ಲಿಟ್ಟ ರುಬಿಡಿಯಂ ಆವಿಯ ಮೇಲೆ 795 ನ್ಯಾನೋಮೀಟರ್ ಲೇಸರ್ ಬಿಟ್ಟು ಅದರ ಹೊರಕವಚದ ಎಲೆಕ್ಟ್ರಾನುಗಳ ಗಿರಕಿಯನ್ನೆಲ್ಲ ಒಂದೇ ಕಡೆ ತಿರುಗಿಸುತ್ತಾರೆ. ಆ ಆವಿಯ ಮೂಲಕ ಪ್ರೋಟಾನುಗಳು ಹಾಯುವಾಗ ತಲಾ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡು ಹೈಡ್ರೋಜನ್ ಪರಮಾಣುವಾಗುತ್ತವೆ. ಮುಂದೆ ಕಾಂತಕ್ಷೇತ್ರ ದಿಕ್ಕು ಬದಲಿಸುವ ಜಾಗದಲ್ಲಿ ಎಲೆಕ್ಟ್ರಾನಿನ ಗಿರಕಿ ಪ್ರೋಟಾನಿಗೆ ವರ್ಗವಾಗುತ್ತದೆ. ಆಮೇಲೆ ಸೋಡಿಯಂ ಆವಿಯಲ್ಲಿ ಇನ್ನೊಂದು ಎಲೆಕ್ಟ್ರಾನ್ ಸೇರಿ ಋಣ ಅಯಾನು ತಯಾರು. ರೇಖೀಯ ವೇಗವರ್ಧಕದ ಕೊನೆಯಲ್ಲಿ, 200 ಎಂಇವಿ (ದಶಲಕ್ಷ ಎಲೆಕ್ಟ್ರಾನ್-ವೋಲ್ಟ್) ಶಕ್ತಿಯಲ್ಲಿ ಅಳೆದರೆ ಧ್ರುವೀಕರಣ 80%ರಿಂದ 85% ಇರುತ್ತದೆ. ಡಿಕ್ಕಿಯ ಹೊತ್ತಿಗೆ ಉಳಿಯುವುದು 55%ರಿಂದ 60%. ನಡುವೆ ಸೋರಿದ್ದೆಲ್ಲ ವೇಗ ಏರಿಸುವ ದಾರಿಯಲ್ಲಿ ಸೋರಿದ್ದು.

ಆ ಸೋರಿಕೆ ಏಕೆ ಅಷ್ಟು ನೋಯಿಸುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಎರಡೂ ಬೀಮಿನ ಗಿರಕಿ ಬೇಕಾದ ಅಳತೆಯಲ್ಲಿ ದತ್ತಾಂಶದ ಬೆಲೆ ಧ್ರುವೀಕರಣದ ನಾಲ್ಕನೆಯ ಘಾತದಂತೆ ಏರುತ್ತದೆ. 0.5ರ ನಾಲ್ಕನೆಯ ಘಾತ 0.0625, 0.6ರದ್ದು 0.1296. ಧ್ರುವೀಕರಣ 50%ರಿಂದ 60%ಕ್ಕೆ ಏರಿದರೆ ಅಷ್ಟೇ ದಿನದ ಓಟಕ್ಕೆ ಎರಡು ಪಟ್ಟು ದತ್ತಾಂಶದ ಬಲ ಬರುತ್ತದೆ. ಡಿಕ್ಕಿಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಈ 10%ದ ಬೆಲೆ ಗೊತ್ತು.

ಸೋರುವುದು ಹೀಗೆ. ಕಾಂತಗಳು ಪ್ರೋಟಾನಿನ ದಾರಿಯನ್ನು ಬಾಗಿಸುವಾಗ ಗಿರಕಿಯ ಅಕ್ಷವನ್ನೂ ಬುಗುರಿಯಂತೆ ಸುತ್ತಿಸುತ್ತವೆ. ಉಂಗುರದ ಒಂದು ಸುತ್ತಿಗೆ ಅಕ್ಷ ಎಷ್ಟು ಸುತ್ತು ತಿರುಗುತ್ತದೆ ಎಂಬುದು 1.793 ಗುಣಿಸು ಸಾಪೇಕ್ಷತೆಯ ಗ್ಯಾಮಾ, ಅಂದರೆ ಪ್ರೋಟಾನಿನ ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬುದು. 100 ಜಿಇವಿಯಲ್ಲಿ (ಒಂದು ಜಿಇವಿ ಎಂದರೆ ಸಾವಿರ ಎಂಇವಿ) ಅದು ಸುಮಾರು 191, 255 ಜಿಇವಿಯಲ್ಲಿ ಸುಮಾರು 487. ಕಾಂತಗಳ ಜೋಡಣೆಯಲ್ಲಿ ಕೂದಲೆಳೆಯ ಓರೆ ಇದ್ದರೂ ಅದು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಗಿರಕಿಗೆ ಒಂದು ಸಣ್ಣ ತಳ್ಳು ಕೊಡುತ್ತದೆ. ಆ ಸುತ್ತುಗಳ ಸಂಖ್ಯೆ ಪೂರ್ಣಾಂಕವಾದ ಕ್ಷಣದಲ್ಲಿ ಎಲ್ಲ ತಳ್ಳುಗಳೂ ಒಂದೇ ಕಡೆಗೆ ಕೂಡುತ್ತವೆ, ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳಿದ ಹಾಗೆ. ಇದೇ ಅನುರಣನ. ಪ್ರತಿ 523 ಎಂಇವಿಗೆ ಇಂಥದ್ದೊಂದು ಎದುರಾಗುತ್ತದೆ. 24 ಜಿಇವಿಯಿಂದ 255 ಜಿಇವಿಗೆ ಹೋಗುವಷ್ಟರಲ್ಲಿ 440ಕ್ಕೂ ಹೆಚ್ಚು. ಬೀಮನ್ನು ಮೇಲೆ ಕೆಳಗೆ ತೊನೆಸುವ ಕ್ವಾಡ್ರುಪೋಲ್ ಕಾಂತಗಳಿಂದ ಹುಟ್ಟುವ ಅನುರಣನಗಳು ಬೇರೆ.

ಇದಕ್ಕೆ ಮದ್ದು ಸೈಬೀರಿಯನ್ ಸ್ನೇಕ್. 1970ರ ದಶಕದಲ್ಲಿ ನೊವೊಸಿಬಿರ್ಸ್ಕ್‌ನ ಡೆರ್ಬೆನೆವ್ ಮತ್ತು ಕೊಂದ್ರಾತೆಂಕೊ ಕೊಟ್ಟ ಉಪಾಯ ಇದು. ನಾಲ್ಕು ಸುರುಳಿಯಾಕಾರದ ಅತಿವಾಹಕ ಕಾಂತಗಳ ಸಾಲು, ಒಂದೊಂದು ಸುಮಾರು 2.4 ಮೀಟರ್ ಉದ್ದ, ಕ್ಷೇತ್ರ 4 ಟೆಸ್ಲಾದವರೆಗೆ. ಅದರೊಳಗೆ ಬೀಮು ಹಾವಿನಂತೆ ಹೊರಳಿ ಹಳೆಯ ದಾರಿಗೇ ಬಂದು ಸೇರುತ್ತದೆ. ಗಿರಕಿ ಮಾತ್ರ ಪೂರ್ತಿ ತಲೆಕೆಳಗಾಗುತ್ತದೆ. ಒಂದೊಂದು ಉಂಗುರದಲ್ಲಿ ಎದುರುಬದುರಾಗಿ ಎರಡು ಸ್ನೇಕ್. ಒಂದು ಅರ್ಧಸುತ್ತಿನಲ್ಲಿ ಅಂಟಿದ ತಪ್ಪನ್ನು ಮುಂದಿನ ಅರ್ಧಸುತ್ತು ಕಳಚಿಹಾಕುತ್ತದೆ. ಶಕ್ತಿ ಎಷ್ಟೇ ಇರಲಿ, ಒಂದು ಸುತ್ತಿಗೆ ಗಿರಕಿಯ ಸುತ್ತು ಅರ್ಧಕ್ಕೇ ಕಟ್ಟುಬಿದ್ದಿರುತ್ತದೆ, ಪೂರ್ಣಾಂಕವಾಗುವುದೇ ಇಲ್ಲ.

ಹಾಗೆಂದು ಅಲ್ಲಿಗೆ ನಿಶ್ಚಿಂತೆಯಿಲ್ಲ. ಬೀಮಿನ ಲಂಬ ತೊನೆತದ ಎಣಿಕೆ, ಅಂದರೆ ಟ್ಯೂನ್, ಅದರ ಭಿನ್ನಭಾಗ 0.7ಕ್ಕೆ ಸರಿದರೆ ಸ್ನೇಕ್‌ನಿಂದಲೇ ಹುಟ್ಟುವ ಅನುರಣನ ಗಿರಕಿಯನ್ನು ತಿನ್ನುತ್ತದೆ. ಮೂರರಲ್ಲಿ ಎರಡಕ್ಕೆ, ಅಂದರೆ 0.667ಕ್ಕೆ ಸರಿದರೆ ಬೀಮೇ ಗೋಡೆಗೆ ಬಡಿದು ಹೋಗುತ್ತದೆ. ಆ ಎರಡರ ನಡುವಿನ ಕಿರುದಾರಿಯಲ್ಲಿ, 0.675ರ ಆಸುಪಾಸಿನಲ್ಲಿ, ಶಕ್ತಿ ಏರುವ ಅಷ್ಟು ಹೊತ್ತೂ ಟ್ಯೂನನ್ನು ಹಿಡಿದಿಡಬೇಕು. ರಿಕ್‌ಗೆ ಪ್ರೋಟಾನುಗಳನ್ನು ಒಪ್ಪಿಸುವ ಎಜಿಎಸ್ ಯಂತ್ರದಲ್ಲಿ ಪೂರ್ಣ ಸ್ನೇಕ್ ಕೂರಿಸಲು ಜಾಗವೇ ಇಲ್ಲ. ಅಲ್ಲಿ ಎರಡು ಭಾಗಶಃ ಸ್ನೇಕ್‌ಗಳಲ್ಲೇ ಕೆಲಸ ನಡೆಯಬೇಕು. ಅವು ಬಿಟ್ಟ 82 ದುರ್ಬಲ ಅಡ್ಡ ಅನುರಣನಗಳನ್ನು ದಾಟಲು ಪ್ರತಿ ಏರಿಕೆಯಲ್ಲೂ 82 ಬಾರಿ ಟ್ಯೂನನ್ನು ಚಕ್ಕನೆ ಜಿಗಿಸುತ್ತಾರೆ. ಸೋರಿಕೆಯ ದೊಡ್ಡ ಪಾಲು ಇನ್ನೂ ಈ ಹಂತದಲ್ಲೇ ಆಗುತ್ತದೆ.

ಉಂಗುರದಲ್ಲಿ ಪ್ರೋಟಾನುಗಳು ಗೊಂಚಲು ಗೊಂಚಲಾಗಿ ಓಡುತ್ತವೆ; ನಮ್ಮ ಬಾಯಲ್ಲಿ ಅವು ಬಂಚ್. 120 ಸ್ಥಾನಗಳು, ಅವುಗಳಲ್ಲಿ ಸಾಮಾನ್ಯವಾಗಿ 111 ಭರ್ತಿ, 9 ಖಾಲಿ. ಬೀಮನ್ನು ಹೊರಕ್ಕೆ ಬಿಸಾಡುವ ಕಾಂತ ಚಾಲೂ ಆಗಲು ಬೇಕಾದ ಬಿಡುವು ಆ ಒಂಬತ್ತು. ಒಂದು ಬಂಚಿನಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ಪ್ರೋಟಾನುಗಳು. ಎರಡು ಬಂಚುಗಳ ನಡುವೆ 106 ನ್ಯಾನೋಸೆಕೆಂಡು. ಸೆಕೆಂಡಿಗೆ 78 ಸಾವಿರ ಸುತ್ತು. ಒಂದೊಂದು ಬಂಚೂ ಮೂಲದಿಂದ ಪ್ರತ್ಯೇಕವಾಗಿ ಹೊರಡುವುದರಿಂದ ಅದರ ಗಿರಕಿಯ ದಿಕ್ಕನ್ನು ಅಲ್ಲೇ ಆರಿಸಬಹುದು. ಒಂದು ಬೀಮಿನಲ್ಲಿ ಧನ, ಋಣ, ಧನ, ಋಣ ಎಂದು ಇಟ್ಟು, ಇನ್ನೊಂದರಲ್ಲಿ ಧನ, ಧನ, ಋಣ, ಋಣ ಎಂದು ಇಟ್ಟರೆ ನಾಲ್ಕು ಬಗೆಯ ಜೋಡಿಗಳೂ ಅರ್ಧ ಮೈಕ್ರೋಸೆಕೆಂಡಿನೊಳಗೆ ಬಂದು ಹೋಗುತ್ತವೆ. ಇದು ಈ ಪ್ರಯೋಗದ ಜೀವಾಳ ಎನ್ನಬೇಕು. ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರಿನ ತಾಪ ಏರಲಿ, ಯಾವುದೋ ಒಂದು ಮೂಲೆ ಮೌನವಾಗಲಿ, ಆ ಕುಂದು ನಾಲ್ಕು ಜೋಡಿಗಳಿಗೂ ಒಂದೇ ಸಮನೆ ತಟ್ಟುತ್ತದೆ; ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ. ಇಂದು ಧನ, ನಾಳೆ ಋಣ ಎಂದು ಓಡಿಸಿದ್ದರೆ ಸಾವಿರಕ್ಕೆ ಮೂರನ್ನು ಅಳೆಯುವ ಮಾತೇ ಇರುತ್ತಿರಲಿಲ್ಲ.

ಈ ಅನುಕೂಲದ ಬೆನ್ನಿಗೇ ಒಂದು ಅಪಾಯವಿದೆ. ಯಂತ್ರದವರು ಕೊಡುವ ಬಂಚ್ ಸಂಖ್ಯೆಗೂ ಡಿಟೆಕ್ಟರು ಬರೆದುಕೊಳ್ಳುವ ಸಂಖ್ಯೆಗೂ ಒಂದು ಸ್ಥಾನ ಜಾರಿದರೆ ಏನಾಗುತ್ತದೆ ನೋಡಿ. ಧನ-ಋಣ-ಧನ-ಋಣ ಮಾದರಿಯ ಬೀಮಿನಲ್ಲಿ ಎಲ್ಲ ಚಿಹ್ನೆಯೂ ತಿರುವುಮುರುವಾಗುತ್ತದೆ: ಉತ್ತರದ ಗಾತ್ರ ಸರಿ, ದೋಷಮಿತಿ ಸರಿ, ನಕ್ಷೆ ನುಣುಪಾಗಿದೆ, ಚಿಹ್ನೆ ಮಾತ್ರ ತಪ್ಪು. ಧನ-ಧನ-ಋಣ-ಋಣ ಬೀಮಿನಲ್ಲಿ ಜಾರಿದರೆ ಅರ್ಧ ಸರಿ ಅರ್ಧ ತಪ್ಪಾಗಿ ಸಂಕೇತ ಸೊನ್ನೆಗೆ ಇಳಿಯುತ್ತದೆ. ಎರಡೂ ಸಂದರ್ಭದಲ್ಲಿ ಬೇರೆ ಯಾವ ನಕ್ಷೆಯೂ ಎಚ್ಚರಿಸುವುದಿಲ್ಲ. ಹಾಗಾಗಿ ಪ್ರತಿ ಭರ್ತಿಗೂ, ಅಂದರೆ ಬೀಮು ತುಂಬಿಸಿ ಹೊರಹಾಕುವವರೆಗಿನ ಸುಮಾರು ಎಂಟು ಗಂಟೆಯ ಒಂದೊಂದು ಓಟಕ್ಕೂ, ಬಂಚ್ ಸಂಖ್ಯೆಯ ಮೇಲೆ ಡಿಕ್ಕಿಗಳ ಎಣಿಕೆಯನ್ನು ಬಿಡಿಸಿ ನೋಡಬೇಕು. ಒಂದು ಬೀಮಿನ ಒಂಬತ್ತು ಖಾಲಿ ಸ್ಥಾನ ಒಂದು ಕಡೆ, ಇನ್ನೊಂದರ ಒಂಬತ್ತು ಇನ್ನೊಂದು ಕಡೆ ಬಿದ್ದು ಎರಡು ಕಿಂಡಿಗಳು ಕಾಣಬೇಕು. ರಿಕ್‌ನ ಡಿಕ್ಕಿಯ ಜಾಗವೊಂದರಲ್ಲಿರುವ ಸ್ಟಾರ್ ಡಿಟೆಕ್ಟರಿನಲ್ಲಿ ಅವು 31ರಿಂದ 39 ಮತ್ತು 111ರಿಂದ 119. ಕಿಂಡಿಯ ಅಂಚು ಒಂದೇ ಸ್ಥಾನ ಸರಿದಿದ್ದರೂ ಆ ಭರ್ತಿಯನ್ನು ಬದಿಗಿಟ್ಟು, ಕಾರಣ ಸಿಕ್ಕುವವರೆಗೆ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೂಲದಲ್ಲಿ ಕೊಟ್ಟ ದಿಕ್ಕು ಸ್ನೇಕ್, ಮುಂದೆ ಹೇಳುವ ರೊಟೇಟರುಗಳನ್ನು ದಾಟಿ ಡಿಕ್ಕಿಯ ಜಾಗಕ್ಕೆ ಬರುವಾಗ ಎಷ್ಟು ಸಲ ಮಗುಚಿರುತ್ತದೆ ಎಂಬುದನ್ನೂ ಕೈಯಾರೆ ಎಣಿಸಿ ಬರೆದಿಡುವುದು ಒಳ್ಳೆಯದು.

ಉಂಗುರದಲ್ಲಿ ಗಿರಕಿ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ನಿಂತಿರುತ್ತದೆ. ಗ್ಲೂಆನಿನ ಅಳತೆಗೆ ಅದು ಓಟದ ದಿಕ್ಕಿನಲ್ಲಿ ಮಲಗಬೇಕು. ಡಿಕ್ಕಿಯ ಜಾಗದ ಎರಡೂ ಬದಿಯ ಸ್ಪಿನ್ ರೊಟೇಟರುಗಳು ಒಂದು ಕಡೆ ಮಲಗಿಸಿ ಇನ್ನೊಂದು ಕಡೆ ಮತ್ತೆ ಎಬ್ಬಿಸುತ್ತವೆ. ನಿಜವಾಗಿ ಮಲಗಿದೆಯೇ ಎಂದು ತಿಳಿಯುವ ಬಗೆ ಸೊಗಸಾಗಿದೆ. ನೆಟ್ಟಗಿನ ಗಿರಕಿಯ ಪ್ರೋಟಾನುಗಳ ಡಿಕ್ಕಿಯಲ್ಲಿ ಬಹಳ ಮುಂದಕ್ಕೆ ಹಾರುವ ನ್ಯೂಟ್ರಾನುಗಳು ಎಡಬಲದಲ್ಲಿ ಸಮನಾಗಿ ಹಂಚಿಕೊಳ್ಳುವುದಿಲ್ಲ. ರಿಕ್‌ನ ಮೊದಲ ಧ್ರುವೀಕೃತ ಓಟದಲ್ಲೇ, 2001-02ರಲ್ಲಿ, ಇದು ಅಲ್ಲಿ ಕಂಡುಬಂತು. ಡಿಕ್ಕಿಯ ಜಾಗದಿಂದ 18 ಮೀಟರ್ ದೂರದಲ್ಲಿರುವ ಶೂನ್ಯಕೋನ ಕ್ಯಾಲೊರಿಮೀಟರಿನಲ್ಲಿ ಈ ಓರೆಯನ್ನು ನೋಡುತ್ತಿರುತ್ತೇವೆ. ರೊಟೇಟರು ಹಾಕಿದಾಗ ಓರೆ ಮಾಯವಾಗಬೇಕು. ಪೂರ್ತಿ ಮಾಯವಾಗದೆ ಸ್ವಲ್ಪ ಉಳಿದರೆ, ಎಷ್ಟು ಉಳಿಯಿತೋ ಅಷ್ಟು ಅಡ್ಡಗಿರಕಿ ಬೆರೆತಿದೆ ಎಂದು ವ್ಯವಸ್ಥಿತ ದೋಷದ ಪಟ್ಟಿಗೆ ಸೇರಿಸುತ್ತೇವೆ.

ಧ್ರುವೀಕರಣ ಎಷ್ಟೆಂದು ಅಳೆಯಲು ಎರಡು ಉಪಕರಣ. ಒಂದು ಧ್ರುವೀಕೃತ ಹೈಡ್ರೋಜನ್ ಜೆಟ್. ಗಿರಕಿ ಗೊತ್ತಿರುವ ಹೈಡ್ರೋಜನ್ ಪರಮಾಣುಗಳ ಧಾರೆಯನ್ನು ಬೀಮಿಗೆ ಅಡ್ಡವಾಗಿ ಹಾಯಿಸಿ, ತುಸುವೇ ತಾಗಿ ಪಕ್ಕಕ್ಕೆ ಜಿಗಿಯುವ ಪ್ರೋಟಾನುಗಳನ್ನು ಸಿಲಿಕಾನ್ ಪಟ್ಟಿಗಳಲ್ಲಿ ಹಿಡಿಯುವುದು. ಬೀಮೂ ಪ್ರೋಟಾನು, ಗುರಿಯೂ ಪ್ರೋಟಾನು. ಆದ್ದರಿಂದ ಗಿರಕಿಗೆ ಎಡಬಲ ಓರೆ ಎಷ್ಟು ಎಂಬ ಗುಣಾಂಕ ಇಬ್ಬರಿಗೂ ಒಂದೇ. ಬೀಮಿನ ಓರೆಯನ್ನು ಗುರಿಯ ಓರೆಯಿಂದ ಭಾಗಿಸಿ, 90%ಕ್ಕೂ ಮೇಲಿರುವ ಗುರಿಯ ಧ್ರುವೀಕರಣದಿಂದ ಗುಣಿಸಿದರೆ ಉತ್ತರ ಬರುತ್ತದೆ. ಆ ಗುಣಾಂಕದ ಬೆಲೆಯೇ ಬೇಕಾಗುವುದಿಲ್ಲ. ತೊಂದರೆಯೆಂದರೆ ಧಾರೆ ತೀರ ತೆಳು, ಸಾಕಷ್ಟು ಎಣಿಕೆಗೆ ಗಂಟೆಗಟ್ಟಲೆ ಬೇಕು. ಎರಡನೆಯದು ಕಾರ್ಬನ್ ಎಳೆ: ಸುಮಾರು 10 ಮೈಕ್ರೋಮೀಟರ್ ಅಗಲ, ದಪ್ಪ ಕೆಲವೇ ಹತ್ತು ನ್ಯಾನೋಮೀಟರ್. ಅದನ್ನು ಬೀಮಿನ ನಡುವೆ ಹಾಯಿಸಿದರೆ ಒಂದೆರಡು ನಿಮಿಷದಲ್ಲಿ ಓರೆ ಸಿಗುತ್ತದೆ. ಅಳತೆಗೋಲನ್ನು ಮಾತ್ರ ಹೈಡ್ರೋಜನ್ ಜೆಟ್ಟಿನಿಂದ ಎರವಲು ತರಬೇಕು. ಈ ಎಳೆ ತುಂಡಾಗುವುದು ದಿನನಿತ್ಯದ ಮಾತು, ಆದ್ದರಿಂದ ಚೌಕಟ್ಟಿನಲ್ಲಿ ಹಲವು ಎಳೆಗಳನ್ನು ಮೊದಲೇ ಕಟ್ಟಿಟ್ಟಿರುತ್ತಾರೆ. ಎಳೆಯನ್ನು ಅಂಚಿನಿಂದ ಅಂಚಿಗೆ ಸರಿಸಿದರೆ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ: ಧ್ರುವೀಕರಣ ಬೀಮಿನ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಡಿಕ್ಕಿಗಳು ಹೆಚ್ಚಾಗುವುದೂ ನಡುವಿನಲ್ಲೇ. ಇಡೀ ಬೀಮಿನ ಸರಾಸರಿಯನ್ನೇ ಬಳಸಿದರೆ ತಪ್ಪಾಗುತ್ತದೆ, ಡಿಕ್ಕಿಯ ತೂಕ ಹಾಕಿದ ಸರಾಸರಿಯೇ ಬೇಕು. ಎರಡೂ ಬೀಮು ಸೇರಿ ಈ ಅಳತೆಯ ಅನಿಶ್ಚಿತತೆ 6%ರಿಂದ 7% ಬರುತ್ತಿತ್ತು. ಅದು ನಕ್ಷೆಯ ಎಲ್ಲ ಬಿಂದುಗಳನ್ನೂ ಒಟ್ಟಿಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ; ಇಲ್ಲದ ಸಂಕೇತವನ್ನು ಹುಟ್ಟಿಸಲಾರದು. ಅಷ್ಟರ ಮಟ್ಟಿಗೆ ಇದು ಸಾಧು ದೋಷ.

ಸಾಧುವಲ್ಲದ್ದು ಮುಂದಿದೆ. ಒಂದೇ ಬಗೆಯ ಜೋಡಿಗಳಿಗೂ ಬೇರೆ ಬಗೆಯ ಜೋಡಿಗಳಿಗೂ ಡಿಕ್ಕಿಯ ಅವಕಾಶ ಸಮನಾಗಿ ಸಿಕ್ಕಿತ್ತೇ? ಸಿಕ್ಕಿರುವುದಿಲ್ಲ. ಧನ ಬಂಚುಗಳಲ್ಲಿ ಋಣ ಬಂಚುಗಳಿಗಿಂತ ಒಂದಿಷ್ಟು ಹೆಚ್ಚು ಪ್ರೋಟಾನು ತುಂಬಿರಬಹುದು. ಆ ಅವಕಾಶಗಳ ಅನುಪಾತಕ್ಕೆ ಸಾಪೇಕ್ಷ ಲ್ಯೂಮಿನಾಸಿಟಿ ಎನ್ನುತ್ತೇವೆ. ಅದರಲ್ಲಿ ಸಾವಿರಕ್ಕೆ ಒಂದು ತಪ್ಪಿದರೆ ಕಚ್ಚಾ ಅಸಮತೆಯಲ್ಲಿ, ಅಂದರೆ ಎರಡು ರಾಶಿಗಳ ವ್ಯತ್ಯಾಸವನ್ನು ಒಟ್ಟು ಎಣಿಕೆಯಿಂದ ಭಾಗಿಸಿದ್ದರಲ್ಲಿ, 0.0005 ಸುಳ್ಳು ಹುಟ್ಟುತ್ತದೆ. ಎರಡು ಧ್ರುವೀಕರಣಗಳ ಗುಣಲಬ್ಧವಾದ ಸುಮಾರು 0.30ರಿಂದ ಭಾಗಿಸಿದರೆ ಅದು 0.0017 ಆಗುತ್ತದೆ. ಮೊದಲಿಗೆ ಕೊಟ್ಟ ಉದಾಹರಣೆಯ ನಿಜವಾದ ಅಸಮತೆ 0.01. ಕಡಿಮೆ ಆವೇಗದ ಜೆಟ್‌ಗಳಲ್ಲಿ ಅದು 0.002ರ ಸುತ್ತಮುತ್ತ ಇರುತ್ತದೆ, ಅಲ್ಲಿ ಈ ಸುಳ್ಳು ನಿಜವನ್ನೇ ನುಂಗುತ್ತದೆ. ಆದ್ದರಿಂದ ಗುರಿ ಹತ್ತು ಸಾವಿರಕ್ಕೆ ಒಂದು.

ಎಣಿಸುವುದು ಸ್ಕೇಲರುಗಳು, ಒಂದೊಂದು ಬಂಚ್ ಜೋಡಿಗೂ ಬೇರೆ ಬೇರೆಯಾಗಿ. ಇವು ಕೆಡುವುದು ಹೀಗೆ. ಒಂದು ಅಡ್ಡಹಾಯುವಿಕೆಯಲ್ಲಿ ಎರಡು ಡಿಕ್ಕಿಯಾದರೂ ಸ್ಕೇಲರು ಒಂದೇ ಎಂದು ಬರೆಯುತ್ತದೆ. ಸರಾಸರಿ 0.5 ಡಿಕ್ಕಿ ಇದ್ದರೆ ಕನಿಷ್ಠ ಒಂದಾಗುವ ಸಂಭವ 0.393, ಅಂದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಎಣಿಕೆ ತಪ್ಪಿಹೋಯಿತು. ದಟ್ಟ ಬಂಚಿನಲ್ಲಿ ತಪ್ಪುವುದು ಹೆಚ್ಚು, ತೆಳು ಬಂಚಿನಲ್ಲಿ ಕಡಿಮೆ. ದಟ್ಟತೆಗೂ ಗಿರಕಿಯ ದಿಕ್ಕಿಗೂ ತುಸು ನಂಟಿದ್ದರೆ ಸುಳ್ಳು ಅಸಮತೆ ಸಿದ್ಧ. ಇದನ್ನು ಲಾಗರಿದಮ್ ತಿದ್ದುಪಡಿಯಿಂದ ಸರಿಮಾಡಬಹುದು. ಅದರ ಜೊತೆಗೇ ಇನ್ನೊಂದು ತಪ್ಪು ಎದುರು ದಿಕ್ಕಿನಲ್ಲಿ ಎಳೆಯುತ್ತಿರುತ್ತದೆ: ಪೂರ್ವ, ಪಶ್ಚಿಮದ ಎರಡು ಡಿಟೆಕ್ಟರುಗಳಿಗೆ ಬೇರೆ ಬೇರೆ ಡಿಕ್ಕಿಗಳಿಂದ ಏಟು ಬಿದ್ದು ಒಂದೇ ಡಿಕ್ಕಿಯೆಂದು ತೋರುವುದು. ಎರಡೂ ತಿದ್ದುಪಡಿ ಮಾಡಿದ ಮೇಲೆ ಭೌತಿಕವಾಗಿ ಸಂಬಂಧವಿಲ್ಲದ ಎರಡು ಡಿಟೆಕ್ಟರುಗಳಿಂದ ಅನುಪಾತ ತೆಗೆದು ಹೋಲಿಸುತ್ತೇವೆ. ಒಂದು ಕಡೆ ಬೀಮ್ ಕೊಳವೆಯ ಸುತ್ತ ಕಟ್ಟಿದ ವರ್ಟೆಕ್ಸ್ ಪೊಸಿಷನ್ ಡಿಟೆಕ್ಟರ್, ಇನ್ನೊಂದು ಕಡೆ ಶೂನ್ಯಕೋನ ಕ್ಯಾಲೊರಿಮೀಟರ್. ಅವೆರಡರ ನಡುವೆ ಉಳಿಯುವ ಭಿನ್ನತೆಯೇ ನಮ್ಮ ದೋಷಮಿತಿ. ಒಂದೇ ಡಿಟೆಕ್ಟರನ್ನು ನಂಬಿ ಕೂರುವುದು ಸಲ್ಲದು: ಆ ಡಿಟೆಕ್ಟರಿಗೆ ಕಾಣುವ ಕ್ರಿಯೆಗೇ ಗಿರಕಿಯ ಮೇಲೆ ಅವಲಂಬನೆ ಇದ್ದರೆ ಅದು ತನ್ನನ್ನು ತಾನೇ ಮರೆಮಾಚುತ್ತದೆ.

ಇಷ್ಟಾದ ಮೇಲೆ ಜೆಟ್. ಡಿಕ್ಕಿಯಾದ ಕ್ವಾರ್ಕು ಗ್ಲೂಆನುಗಳು ಹೊರಗೆ ಒಂಟಿಯಾಗಿ ಬರುವುದಿಲ್ಲ, ಕಣಗಳ ಸಿಂಚನವಾಗಿ ಬರುತ್ತವೆ. ಸ್ಟಾರ್‌ನ ನಡುವೆ 4.2 ಮೀಟರ್ ಉದ್ದದ ಅನಿಲ ಕೋಣೆ, ಟಿಪಿಸಿ, 0.5 ಟೆಸ್ಲಾ ಕ್ಷೇತ್ರದಲ್ಲಿ ಆವೇಶಿತ ಕಣಗಳ ಜಾಡು ಹಿಡಿಯುತ್ತದೆ. ಅದರ ಸುತ್ತ 4,800 ಟವರುಗಳ ಕ್ಯಾಲೊರಿಮೀಟರ್ ಫೋಟಾನು, ಎಲೆಕ್ಟ್ರಾನುಗಳ ಶಕ್ತಿ ಅಳೆಯುತ್ತದೆ. ಟಿಪಿಸಿ ನಿಧಾನದ ಯಂತ್ರ. ಅದರಲ್ಲಿ ಎಲೆಕ್ಟ್ರಾನುಗಳು ತುದಿಗೆ ತೇಲಿ ಬರಲು ಸುಮಾರು 40 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಬಂಚುಗಳು ಮೂರು ಸುತ್ತು ಮುಗಿಸಿರುತ್ತವೆ, ಹಿಂದಿನ ಮುಂದಿನ ಡಿಕ್ಕಿಗಳ ಜಾಡುಗಳೆಲ್ಲ ಒಂದೇ ಚಿತ್ರದಲ್ಲಿ ಸೇರಿಕೊಂಡಿರುತ್ತವೆ. ಯಾವ ಜಾಡು ನಮ್ಮ ಡಿಕ್ಕಿಯದು ಎಂದು ತಿಳಿಯಲು ಅದು ವೇಗದ ಡಿಟೆಕ್ಟರಿನಲ್ಲಿ ಅದೇ ಕ್ಷಣ ಏಟು ಹೊಡೆದಿದೆಯೇ ಎಂದು ನೋಡಬೇಕು.

ಹತ್ತಿರದ ಕಣಗಳನ್ನು ಕೂಡಿಸಿ ಜೆಟ್ ಕಟ್ಟಲು ಆ್ಯಂಟಿ-ಕೆಟಿ ಎಂಬ ವಿಧಾನ. 200 ಜಿಇವಿ (ಎರಡೂ ಬೀಮಿನ ಶಕ್ತಿ ಕೂಡಿಸಿ) ಓಟಕ್ಕೆ ತ್ರಿಜ್ಯ 0.6, 510 ಜಿಇವಿಗೆ 0.5, ಯಾಕೆಂದರೆ ಅಲ್ಲಿ ಬೇಡದ ಕಣಗಳು ಹೆಚ್ಚು. ಜಾಡು ಹೋಗಿ ತಾಗಿದ ಟವರಿನಿಂದ ಆ ಜಾಡಿನ ಆವೇಗದಷ್ಟನ್ನು ಕಳೆಯಬೇಕು, ಇಲ್ಲದಿದ್ದರೆ ಒಂದೇ ಶಕ್ತಿ ಎರಡು ಸಲ ಎಣಿಕೆಯಾಗುತ್ತದೆ. ಶಕ್ತಿಯ 95%ಕ್ಕಿಂತ ಹೆಚ್ಚು ಬರೀ ಕ್ಯಾಲೊರಿಮೀಟರಿನಲ್ಲೇ ಇರುವ ಜೆಟ್ಟನ್ನು ಕೈಬಿಡುತ್ತೇವೆ. ಅದು ಸಾಮಾನ್ಯವಾಗಿ ಜೆಟ್ಟೇ ಅಲ್ಲ: ಬೀಮಿನ ಹೊರಸೆರಗು ಎಲ್ಲೋ ಹಿಂದೆ ಕೊಳವೆಗೆ ಬಡಿದು ಹಾರಿದ ಕಣಗಳಿರಬೇಕು, ಇಲ್ಲವೇ ಕೆಟ್ಟು ಕೂಗುವ ಟವರಿರಬೇಕು. ಕೂಗುವ, ಸತ್ತ ಟವರುಗಳ ಪಟ್ಟಿಯನ್ನು ಓಟದಿಂದ ಓಟಕ್ಕೆ ಹೊಸದಾಗಿ ಮಾಡಬೇಕು; ಬೇಸರದ ಕೆಲಸ, ಆದರೆ ಜೆಟ್ಟಿನ ಶಕ್ತಿಮಾಪನ ನಿಲ್ಲುವುದೇ ಇದರ ಮೇಲೆ.

ಟ್ರಿಗರು ತರುವ ಓರೆ ಇನ್ನೂ ಸೂಕ್ಷ್ಮ. ಕ್ಯಾಲೊರಿಮೀಟರಿನ ಒಂದು ತುಂಡಿನಲ್ಲಿ ಇಷ್ಟು ಶಕ್ತಿ ಬಿದ್ದರೆ ಬರೆದುಕೋ ಎಂಬುದು ಟ್ರಿಗರಿನ ಆಜ್ಞೆ. ಕ್ವಾರ್ಕಿನ ಜೆಟ್ ಬಿಗಿ, ಗ್ಲೂಆನಿನದು ಹರವು. ಹೊಸ್ತಿಲಿನ ಹತ್ತಿರ ಬಿಗಿಯಾದದ್ದೇ ಹೆಚ್ಚು ಒಳಗೆ ಬರುತ್ತದೆ. ಅಳೆಯಬೇಕಾದದ್ದು ಗ್ಲೂಆನು, ಆರಿಸಿಕೊಂಡದ್ದು ಕ್ವಾರ್ಕು ಎಂದಾಗುತ್ತದೆ! ಇದನ್ನು ತಿದ್ದಲು ಅಣಕು ಡಿಕ್ಕಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಡಿಟೆಕ್ಟರಿನ ಮಾದರಿಯ ಮೂಲಕ ಹಾಯಿಸಿ, ಟ್ರಿಗರಿನ ಷರತ್ತಿಲ್ಲದೆ ಹಿಡಿದ ನಿಜವಾದ ದತ್ತಾಂಶದ ಮೇಲೆ ಕೂರಿಸುತ್ತೇವೆ. ಹಾಗೆ ಮಾಡಿದಾಗಲೇ ಅಣಕಿಗೆ ನಿಜವಾದ ಓಟದ ಗದ್ದಲ, ಸತ್ತ ಟವರು, ಹಳೆಯ ಜಾಡು ಎಲ್ಲ ಬರುತ್ತದೆ.

ಅಸಮತೆ ತೆಗೆದ ಮೇಲೆ ಮೊದಲು ನೋಡುವುದು ಸೊನ್ನೆಯಾಗಬೇಕಾದವನ್ನು. ಒಂದೇ ಬೀಮಿನ ಗಿರಕಿಯನ್ನು ಇಟ್ಟುಕೊಂಡು ಇನ್ನೊಂದನ್ನು ಸರಾಸರಿ ಮಾಡಿದರೆ ಜೆಟ್ ಎಣಿಕೆಯಲ್ಲಿ ನಮಗೆ ಕಾಣುವಷ್ಟು ವ್ಯತ್ಯಾಸ ಬರಬಾರದು. ಬಂದರೆ ಸಾಪೇಕ್ಷ ಲ್ಯೂಮಿನಾಸಿಟಿಗೆ, ಬಂಚ್ ಸಂಖ್ಯೆಗೆ ಹಿಂದಿರುಗಬೇಕು. ಭರ್ತಿಯಿಂದ ಭರ್ತಿಗೆ ಅಸಮತೆಯ ಚದುರುವಿಕೆ ಎಣಿಕೆಯ ದೋಷಕ್ಕೆ ತಕ್ಕಷ್ಟೇ ಇದೆಯೇ ಎಂಬುದು ಎರಡನೆಯ ಪರೀಕ್ಷೆ.

2009ರ 200 ಜಿಇವಿ ಓಟದ ಜೆಟ್‌ಗಳಲ್ಲಿ ಅಸಮತೆ ಸ್ಪಷ್ಟವಾಗಿ ಧನವಾಗಿ ಬಂತು. ರಿಕ್‌ನ ಇನ್ನೊಂದು ಡಿಟೆಕ್ಟರಾದ ಫೀನಿಕ್ಸ್ ಮಾಡಿದ ತಟಸ್ಥ ಪಯಾನು ಎಂಬ ಕಣಗಳ ಅಳತೆಯನ್ನೂ ಸೇರಿಸಿ 2014ರಲ್ಲಿ ಡಿಎಸ್‌ಎಸ್‌ವಿ ಎಂಬ ಸಿದ್ಧಾಂತಿಗಳ ಗುಂಪು ಮಾಡಿದ, ಹಲವು ಪ್ರಯೋಗಗಳ ದತ್ತಾಂಶವನ್ನು ಒಟ್ಟಿಗೆ ಕೂರಿಸುವ ಜಾಗತಿಕ ಹೊಂದಾಣಿಕೆಯ ಪ್ರಕಾರ, ಪ್ರೋಟಾನಿನ ಆವೇಗದ 5%ಕ್ಕಿಂತ ಹೆಚ್ಚು ಹೊತ್ತ ಗ್ಲೂಆನುಗಳ ಗಿರಕಿಯ ಮೊತ್ತ 0.20, ದೋಷಮಿತಿ ಮೇಲಕ್ಕೆ 0.06, ಕೆಳಕ್ಕೆ 0.07. ಒಟ್ಟು ಬೇಕಾದದ್ದು 0.5. ಗ್ಲೂಆನು ಗಿರಕಿಯಲ್ಲಿ ಪಾಲುದಾರ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆ ಅದು.

ಒಂದು ತೊಡಕು ಉಳಿದಿತ್ತು. ಗ್ಲೂಆನು ಗ್ಲೂಆನಿಗೆ ತಾಗುವ ಡಿಕ್ಕಿಯ ಲೆಕ್ಕದಲ್ಲಿ ಗ್ಲೂಆನಿನ ಗಿರಕಿ ಎರಡು ಸಲ ಗುಣಿಸಿಕೊಂಡು, ಅಂದರೆ ಗಣಿತದ ವರ್ಗವಾಗಿ, ಬರುತ್ತದೆ. ಋಣದ ವರ್ಗವೂ ಧನವೇ. ಹಾಗಾಗಿ ಗಿರಕಿ ಋಣವಿದ್ದರೂ ಒಂಟಿ ಜೆಟ್‌ಗಳ ಅಸಮತೆಯನ್ನು ಹೊಂದಿಸಬಹುದೆಂಬ ವಾದ 2022ರಲ್ಲಿ ಬಂತು. ಚಿಹ್ನೆಯನ್ನು ಗೊತ್ತುಮಾಡಲು ಗ್ಲೂಆನು ಒಂದೇ ಸಲ ಬರುವ ಕ್ರಿಯೆ ಬೇಕು. ಗ್ಲೂಆನು ಕ್ವಾರ್ಕಿಗೆ ತಾಗಿ ನೇರವಾಗಿ ಫೋಟಾನು ಹೊರಡುವುದು ಅಂಥದ್ದು. ಅದು ವಿರಳ, ಪಯಾನುಗಳು ಒಡೆದು ಬರುವ ಫೋಟಾನುಗಳ ಮಳೆಯಲ್ಲಿ ಅದನ್ನು ಬೇರ್ಪಡಿಸುವುದು ಕಷ್ಟ. 510 ಜಿಇವಿಯ ದತ್ತಾಂಶದಲ್ಲಿ ಫೀನಿಕ್ಸ್ ಅದನ್ನು ಸಾಧಿಸಿತು. ಉತ್ತರ ಧನದ ಪರವಾಗಿ ಬಂತು.

ಕ್ವಾರ್ಕುಗಳ ಕಡೆಗೆ ದುರ್ಬಲ ಬಲವನ್ನು ಹೊರುವ ಕಣವಾದ ಡಬ್ಲ್ಯು ಬೋಸಾನಿನ ದಾರಿಯಿದೆ. ದುರ್ಬಲ ಬಲ ಎಡಗೈ ಕ್ವಾರ್ಕನ್ನೂ ಬಲಗೈ ಪ್ರತಿಕ್ವಾರ್ಕನ್ನೂ ಮಾತ್ರ ಮುಟ್ಟುತ್ತದೆ, ಆದ್ದರಿಂದ ಒಂದೇ ಬೀಮಿನ ಧ್ರುವೀಕರಣ ಸಾಕು. 40 ಜಿಇವಿಯ ಸುತ್ತ ಒಂಟಿಯಾಗಿ ನಿಂತ ಎಲೆಕ್ಟ್ರಾನೋ ಪಾಸಿಟ್ರಾನೋ ಇದರ ಗುರುತು. ಅಷ್ಟು ಆವೇಗದ ಜಾಡು ಟಿಪಿಸಿಯಲ್ಲಿ ಬಾಗುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಆ ಬಾಗಿನ ಕಡೆ ನೋಡಿ ಆವೇಶ ಹೇಳಬೇಕು, ತಪ್ಪಿದರೆ ಡಬ್ಲ್ಯು-ಧನ ಹೋಗಿ ಡಬ್ಲ್ಯು-ಋಣದಲ್ಲಿ ಕೂರುತ್ತದೆ. ಪ್ರೋಟಾನಿನ ಪ್ರತಿಕ್ವಾರ್ಕುಗಳ ಪೈಕಿ ಪ್ರತಿ-ಡೌನ್‌ಗಳು ಪ್ರತಿ-ಅಪ್‌ಗಳಿಗಿಂತ ಹೆಚ್ಚಿವೆ, ಆದರೆ ಗಿರಕಿಯ ಕೊಡುಗೆಯಲ್ಲಿ ಪ್ರತಿ-ಅಪ್ಪೇ ಮುಂದೆ ಎಂದು ಈ ದಾರಿಯಲ್ಲಿ ತಿಳಿಯಿತು.

0.20 ಎಂಬ ಆ ಸಂಖ್ಯೆಗೆ ಸೇರದ ಗ್ಲೂಆನುಗಳೇ ಎಣಿಕೆಯಲ್ಲಿ ಹೆಚ್ಚು. ಪ್ರೋಟಾನಿನ ಆವೇಗದ 1%, 0.1% ಹೊತ್ತವು ಗುಂಪುಗುಂಪಾಗಿವೆ. 510 ಜಿಇವಿಯ ಜೆಟ್‌ಗಳು, ಮುಂದಿನ ಕೋನದ ಜೋಡಿ ಜೆಟ್‌ಗಳು ನಮ್ಮನ್ನು 1%ರ ಆಸುಪಾಸಿಗೆ ಇಳಿಸಿವೆ. ಅದಕ್ಕಿಂತ ಕೆಳಗೆ ಮೊತ್ತ ಧನವೋ ಋಣವೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ, ಕಕ್ಷಾ ಚಲನೆಯ ಪಾಲು ಎಷ್ಟೆಂಬುದು ಅದರ ಮೇಲೆ ನಿಂತಿದೆ. ಅಲ್ಲಿಗೆ ಇಳಿಯಲು ಅದೇ ಸುರಂಗದಲ್ಲಿ ಎಲೆಕ್ಟ್ರಾನ್-ಅಯಾನ್ ಕೊಲೈಡರ್ ಸಿದ್ಧವಾಗುತ್ತಿದೆ: 275 ಜಿಇವಿವರೆಗಿನ ಧ್ರುವೀಕೃತ ಪ್ರೋಟಾನಿಗೆ 18 ಜಿಇವಿವರೆಗಿನ ಧ್ರುವೀಕೃತ ಎಲೆಕ್ಟ್ರಾನ್ ಎದುರು. ಬಂಚುಗಳ ನಡುವಿನ ಬಿಡುವು 106 ನ್ಯಾನೋಸೆಕೆಂಡಿನಿಂದ ಸುಮಾರು 10ಕ್ಕೆ ಇಳಿಯಲಿದೆ. ಒಂದು ಬಂಚಿನಿಂದ ಚಿಮ್ಮಿದ ಕಾರ್ಬನ್ ಸಿಲಿಕಾನ್ ಪಟ್ಟಿ ಮುಟ್ಟುವ ಮೊದಲೇ ಮುಂದಿನ ಹಲವು ಬಂಚುಗಳು ಎಳೆಯನ್ನು ದಾಟಿರುತ್ತವೆ. ಯಾವ ಕಾರ್ಬನ್ ಯಾವ ಬಂಚಿನದು ಎಂದು ಬೇರ್ಪಡಿಸುವ ಕೆಲಸವನ್ನು ಮತ್ತೆ ಮೊದಲಿಂದ ಕಟ್ಟಬೇಕಿದೆ.